ಎಂಬತ್ತೊಂದು ತೋರಿಸಿದ ಪೆಟ್ಟಿಗೆ

ಹೋದ ತಿಂಗಳು ಮಾಂಬಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬಿಸಿಲಲ್ಲಿ ಬಂದವಳೆಂದು ಚಿಕ್ಕಮ್ಮ ಮೊದಲು ಒಂದು ಲೋಟ ನೀರು ಕೊಟ್ಟರು. ಬಾಯಿಯ ಹತ್ತಿರ ತಂದೆ, ಅಷ್ಟೆ. ಕೊಳೆತ ಮೊಟ್ಟೆಯ ವಾಸನೆ. ತೀರ ಸಣ್ಣದು, ಬೇರೆಯವರಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿದ್ದುದೆಲ್ಲ ಗಂಟಲಿಗೆ ಬಂದಂತಾಗಿ ಹಿತ್ತಲಿಗೆ ಓಡಿದೆ. ಚಿಕ್ಕಮ್ಮ ಹಿಂದೆಯೇ ಬಂದು ಬೆನ್ನು ಸವರುತ್ತಾ, "ಏನಾಯ್ತೇ? ಕ್ಯಾನ್ ನೀರು ಕಣೇ ಅದು, ಈಗ್ತಾನೆ ತರ್ಸಿದ್ದು," ಎಂದರು. ಬಸ್ಸಿನಲ್ಲಿ ತಲೆ ಸುತ್ತಿತ್ತು ಎಂದು ಸುಳ್ಳು ಹೇಳಿದೆ. ನಿಜ ಹೇಳಬೇಕೆಂದರೆ ಏಳು ವರ್ಷದ ಹಿಂದಿನ ಒಂದು ಬೇಸಿಗೆಯನ್ನು ಪೂರ್ತಿಯಾಗಿ ಹೇಳಬೇಕಾಗಿತ್ತು.

ಆಗ ನನಗೆ ಇಪ್ಪತ್ತೆರಡು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೊಳ್ಳೇಗಾಲದಲ್ಲೇ ಕೆಲಸಕ್ಕೆ ಸೇರಿದ್ದೆ. ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಂಪನಿ. ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ. ಯಜಮಾನರು, ಹಿರಿಯ ಮೆಕ್ಯಾನಿಕ್ ನಾಗರಾಜಣ್ಣ, ವ್ಯಾನಿನ ಡ್ರೈವರ್, ಮತ್ತು ನಾನು. ಬೆಸುಗೆ ಹಾಕುವುದು, ನೀರಿನ ಉಪ್ಪಿನಂಶ ಅಳೆಯುವ ಮೀಟರಿನ ಬೋರ್ಡುಗಳನ್ನು ರಿಪೇರಿ ಮಾಡುವುದು, ತಿಂಗಳಿಗೊಮ್ಮೆ ಹಳ್ಳಿಗಳಿಗೆ ಹೋಗಿ ಅಂಕಿ ಬರೆದುಕೊಂಡು ಬರುವುದು ನನ್ನ ಕೆಲಸ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗಳು ಮಗ್ಗ ಬಿಟ್ಟು ಮಾಡುವ ಕೆಲಸ ಎಂಥದು ಎಂಬ ಕುತೂಹಲ ಅಪ್ಪನಿಗೆ. ಒಂದು ಸಂಜೆ ಮಗ್ಗದಿಂದ ಎದ್ದು ಬಂದು ಕೇಳಿದರು: "ನೀರಲ್ಲಿ ಉಪ್ಪು ಎಷ್ಟಿದೆ ಅಂತ ಮೀಟರಿನೊಳಗಿನ ಆ ಚಿಪ್ಪಿಗೆ ಹೆಂಗಮ್ಮ ಗೊತ್ತಾಗುತ್ತೆ? ಅದೇನು ರುಚಿ ನೋಡುತ್ತಾ?"

"ಅದಕ್ಕೆ ನೀರೂ ಗೊತ್ತಿಲ್ಲ, ಉಪ್ಪೂ ಗೊತ್ತಿಲ್ಲಪ್ಪ," ಎಂದೆ. "ಎರಡು ಕಡ್ಡಿ ನೀರಲ್ಲಿ ಮುಳುಗಿರುತ್ತೆ. ಉಪ್ಪಿನಂಶ ಹೆಚ್ಚಿದ್ದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತೆ. ಅದಕ್ಕೆ ತಕ್ಕ ಹಾಗೆ ವೋಲ್ಟೇಜ್ ಏರುತ್ತೆ, ಇಳಿಯುತ್ತೆ. ಆ ವೋಲ್ಟೇಜನ್ನ ಚಿಪ್ಪು ಒಂದು ಕ್ಷಣ ಹಿಡಿದಿಟ್ಕೊಂಡು ಅಳೆಯುತ್ತೆ. ತಕ್ಕಡೀಲಿ ರೇಷ್ಮೆ ತೂಗ್ತೀರಲ್ಲ, ಹಂಗೆ. ಮೊದಲು ಐದು ವೋಲ್ಟಿನ ಅರ್ಧ ಎದುರಿಗಿಟ್ಟು ನೋಡುತ್ತೆ, ಬಂದಿದ್ದು ಇದಕ್ಕಿಂತ ಹೆಚ್ಚೋ ಕಡಿಮೆಯೋ ಅಂತ. ಹೆಚ್ಚಿದ್ರೆ ಆ ಅರ್ಧ ಇಟ್ಕೊಂಡು ಅದರ ಮೇಲೆ ಕಾಲು ಸೇರಿಸುತ್ತೆ, ಕಡಿಮೆ ಇದ್ರೆ ಅರ್ಧ ತೆಗೆದು ಕಾಲು ಇಡುತ್ತೆ. ಆಮೇಲೆ ಅರೆಕಾಲು. ಹೀಗೆ ಹತ್ತು ಸಲ. ಕೊನೆಗೆ ಸೊನ್ನೆಯಿಂದ ಸಾವಿರದ ಇಪ್ಪತ್ತಮೂರರ ಒಳಗೆ ಒಂದು ಅಂಕಿ ಕೊಡುತ್ತೆ."

"ಎರಡು ಅಂಕಿ ಮಧ್ಯದ್ದು ಬಂದ್ರೆ?"

"ಮಧ್ಯದ್ದು ಅಂತ ಅದಕ್ಕೆ ಇಲ್ಲ. ಈ ಮೆಟ್ಟಿಲು, ಇಲ್ಲ ಮುಂದಿನ ಮೆಟ್ಟಿಲು."

ಅಪ್ಪ ನಕ್ಕರು. "ನಮ್ಮ ಸೀರೆ ನಕ್ಷೇನೂ ಹಂಗೇನೇ. ಮಾವಿನಕಾಯಿ ಬುಟ್ಟ ದುಂಡಗಿರುತ್ತೆ. ಚೌಕದ ಕಾಗದದ ಮೇಲೆ ಬರೆಯುವಾಗ ಮೆಟ್ಟಿಲು ಮೆಟ್ಟಿಲಾಗೇ ಬರೀಬೇಕು. ಎಳೆ ಸಣ್ಣಗಿದ್ರೆ ಕಣ್ಣಿಗೆ ಗೊತ್ತಾಗಲ್ಲ, ಅಷ್ಟೆ."

ಅಪ್ಪನಿಗೆ ಅರ್ಥವಾಯಿತಲ್ಲ ಎಂದು ನನಗೆ ಹಿಗ್ಗು. ನನ್ನ ಕೆಲಸ ದೊಡ್ಡದು ಅನಿಸಿದ್ದು ಆ ಸಂಜೆ.

ಸೇರಿದ ಮೊದಲ ತಿಂಗಳಲ್ಲೇ ನಾಗರಾಜಣ್ಣ ಒಂದು ಕೆಲಸ ಹೇಳಿದ್ದರು. "ಕಲಾ, ಒಂದು ಹನ್ನೆರಡು ಟೆಸ್ಟ್ ಬೋರ್ಡ್ ಮಾಡ್ಕೊಡು. ಸೆನ್ಸರ್ ಇಲ್ದೇನೆ ಡಿಸ್‌ಪ್ಲೇ ಪರೀಕ್ಷೆ ಮಾಡೋಕೆ. ಎಂಬತ್ತರ ಹತ್ರ ತೋರಿಸ್ಲಿ."

ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಚಿಪ್ಪಿಗೆ ಗೊತ್ತಿರುವ ಒಂದು ವೋಲ್ಟೇಜ್ ಕೊಟ್ಟು ಸರಿಯಾದ ಅಂಕಿ ಬರುತ್ತದೆಯೇ ಎಂದು ನೋಡುವುದು ಎಲ್ಲ ಕಡೆ ಇರುವ ಪದ್ಧತಿಯೇ. ನಾನು ಕೂತು ಲೆಕ್ಕ ಹಾಕಿದೆ. ಎಂಬತ್ತು ತೋರಿಸಲು ಒಂದು ವೋಲ್ಟಿನ ಐದನೇ ಒಂದು ಭಾಗ ಬೇಕು. ಇಪ್ಪತ್ತನಾಲ್ಕು ಕೆ, ಅಂದರೆ ಇಪ್ಪತ್ತನಾಲ್ಕು ಸಾವಿರ ಓಮ್‌ನ ಒಂದು ರೆಸಿಸ್ಟರ್, ಒಂದು ಕೆ ಇನ್ನೊಂದು. ಎರಡನ್ನೂ ಐದು ವೋಲ್ಟಿಗೆ ಸಾಲಾಗಿ ಕಟ್ಟಿ ನಡುವಿನಿಂದ ತಂತಿ ಎಳೆದರೆ ಆಯಿತು. ಹಾಕಿ ನೋಡಿದೆ. ಎಂಬತ್ತೊಂದು. ಒಮ್ಮೊಮ್ಮೆ ಎಂಬತ್ಮೂರು, ಮತ್ತೆ ಎಂಬತ್ತೊಂದು. ಎಂಬತ್ತೆರಡು ಬರಲೇ ಇಲ್ಲ. ಚಿಪ್ಪಿನ ಒಂದು ಮೆಟ್ಟಿಲೆಂದರೆ ಮೀಟರಿನಲ್ಲಿ ಎರಡು ಅಂಕಿ, ಅದಕ್ಕೇ ಆ ಜಿಗಿತ. ಹನ್ನೆರಡು ಬೋರ್ಡುಗಳನ್ನೂ ಬಹಳ ಶ್ರದ್ಧೆಯಿಂದ ಮಾಡಿದೆ. ಬೆಸುಗೆಯ ಪ್ರತಿ ಹನಿಯೂ ಹೊಳೆಯುವಂತೆ, ಒಂದೇ ಅಳತೆಗೆ. ನಾಗರಾಜಣ್ಣ ಬೆಳಕಿಗೆ ಹಿಡಿದು ನೋಡಿ, "ಕೈ ಚೆನ್ನಾಗದೆ ಕಣಮ್ಮ," ಎಂದರು. ಮನೆಗೆ ಬಂದು ಅದನ್ನೂ ಹೇಳಿಕೊಂಡೆ.

ಏಪ್ರಿಲ್‌ನಲ್ಲಿ ಒಂದು ಊರಿಗೆ ಮೊದಲ ಸಲ ಹೋದೆ. ಹೆಸರು ಬೇಡ. ಹನೂರು ದಾಟಿ, ಕೌದಳ್ಳಿ ದಾಟಿ, ಬೆಟ್ಟದ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುತ್ತದೆ. ವ್ಯಾನಿನ ತಗಡು ಮುಟ್ಟಿದರೆ ಕೈ ಸುಡುವ ಬಿಸಿಲು. ಊರ ಮುಂದೆ ನೀಲಿ ಬಣ್ಣದ ಘಟಕ, ಅದರ ಗೋಡೆಯಲ್ಲಿ ಕೆಂಪು ಅಂಕಿ ಬೆಳಗುವ ನಮ್ಮ ಮೀಟರಿನ ಪೆಟ್ಟಿಗೆ. ಅಂಗನವಾಡಿ ಸಹಾಯಕಿ ಪುಟ್ಟಮ್ಮ ಬಿಂದಿಗೆ ಹಿಡಿದು ನಿಂತಿದ್ದರು. ಐವತ್ತರ ಆಸುಪಾಸಿನ, ಒಣಕಲು ಮೈಯ ಹೆಂಗಸು. ಮಕ್ಕಳ ಅಡುಗೆಗೆ, ಕುಡಿಯಲಿಕ್ಕೆ ಅದೇ ನೀರು.

"ನೀರು ನಾರ್ತದೆ ಕಣವ್ವ," ಎಂದರು. "ಒಂದ್ ತಿಂಗಳಾಯ್ತು. ಬಂದೋರ್ಗೆಲ್ಲಾ ಏಳ್ತಾನೇ ಇವ್ನಿ."

ನಾನು ಪೆಟ್ಟಿಗೆ ನೋಡಿದೆ. ಎಂಬತ್ತೊಂದು. "ನೋಡಿ ಅಮ್ಮ, ನೀರಲ್ಲಿ ಉಪ್ಪಿದ್ರೆ ಈ ನಂಬರ್ ಏರುತ್ತೆ. ಇದು ನೂರರ ಒಳಗೇ ಇದೆ. ಒಳ್ಳೇ ನೀರು. ಮೀಟರು ಸುಳ್ಳು ಹೇಳಲ್ಲ."

"ಮೀಟ್ರು ಏಳೋದು ನಂಗೊತ್ತಿಲ್ಲ. ನನ್ ಮೂಗು ಏಳ್ತದೆ."

ಸುತ್ತ ನಾಲ್ಕೈದು ಜನ ತಾಯಂದಿರು ಇದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಓದಿದವಳು ಎಂಬ ಗತ್ತು ನನಗೆ. ಒಂದು ಲೋಟ ಹಿಡಿದು, ತುಂಬಿಸಿ, ಅವರೆದುರಿಗೇ ಕುಡಿದೆ. ಮೊದಲ ಗುಟುಕಿಗೇ ಆ ವಾಸನೆ ಮೂಗಿಗೆ ಏರಿತು. ನಾಲಿಗೆಯ ಮೇಲೆ ಏನೋ ಲೋಳೆಯಂಥದ್ದು ಜಾರಿತು. ಅಷ್ಟಾದರೂ ನಗುತ್ತಲೇ ಪೂರ್ತಿ ನುಂಗಿ ಲೋಟ ಬೋರಲು ಹಾಕಿ ತೋರಿಸಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಂದಿಗೆ ತುಂಬಿಸಿಕೊಂಡು ಹೋದರು. ಪುಟ್ಟಮ್ಮನೂ ತುಂಬಿಸಿಕೊಂಡರು. ನಾನು ಪುಸ್ತಕದಲ್ಲಿ "81, ಸರಿ ಇದೆ" ಎಂದು ಬರೆದು ಸಹಿ ಹಾಕಿದೆ.

ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಬಿಸಿಲಿನ ಝಳ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಮೇ ಮೂರನೇ ವಾರ ಮತ್ತೆ ಹೋದಾಗ ಘಟಕದ ಮುಂದೆ ಸಾಲಿರಲಿಲ್ಲ. ಪುಟ್ಟಮ್ಮ ಒಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದರು. ಕೂಗಲಿಲ್ಲ, ಬೈಯಲಿಲ್ಲ.

"ಏಳು ಕೂಸ್ಗೊಳ್ಗೆ ವಾಂತಿ, ಭೇದಿ. ನನ್ ಮೊಮ್ಮಗಳು ಕೊಳ್ಳೇಗಾಲದ ಆಸ್ಪತ್ರೇಲಿ ಮಲಗವ್ಳೆ, ಡ್ರಿಪ್ ಆಕವ್ರೆ. ಮೂರ್ ವರ್ಸದ್ ಕೂಸು, ಕಣ್ಣೆಲ್ಲಾ ಒಳಿಕ್ಕೋಗದೆ," ಎಂದರು. "ನೀನು ಕುಡ್ದು ತೋರ್ಸ್ದೆ. ನಾನು ಆ ಕೂಸ್ಗೆ ಕುಡ್ಸ್ದೆ."

ನಾನು ಪೆಟ್ಟಿಗೆಯ ಕಡೆ ನೋಡಿದೆ. ಎಂಬತ್ತೊಂದು. ಎಂಬತ್ಮೂರು. ಎಂಬತ್ತೊಂದು.

ಪೆಟ್ಟಿಗೆಯ ಕೆಳಗೆ ಒಂದು ಪುಟ್ಟ ಗಾಜಿನಂಥ ಡಬ್ಬಿ ಇರುತ್ತದೆ. ನಲ್ಲಿಗೆ ಹೋಗುವ ನೀರು ಅದರ ಮೂಲಕ ಹಾಯುತ್ತದೆ, ಅಳೆಯುವ ಕಡ್ಡಿಗಳು ಅದರಲ್ಲೇ ಮುಳುಗಿರುತ್ತವೆ. ಪುಟ್ಟಮ್ಮ ಅದರ ಮುಚ್ಚಳ ತಿರುಗಿಸಿ ತೆಗೆದರು. ಸೆರಗಿನಿಂದ ಉಪ್ಪಿನ ಪೊಟ್ಟಣ ಬಿಚ್ಚಿದರು.

"ಉಪ್ಪಿದ್ರೆ ನಂಬರ್ ಏರ್ತದೆ ಅಂದಿದ್ದೆ ಅಲ್ವಾ ನೀನು ಅವತ್ತು? ಈಗ ನೋಡು. ಒಂದ್ ಇಡಿ ಆಕ್ತೀನಿ."

ಒಂದು ಹಿಡಿ ಕಲ್ಲುಪ್ಪು ಸುರಿದು ಬೆರಳಿನಿಂದ ಕದಡಿದರು. ಇಬ್ಬರೂ ಕತ್ತೆತ್ತಿ ಅಂಕಿ ನೋಡುತ್ತಾ ನಿಂತೆವು. ಎಂಬತ್ತೊಂದು. ಎಂಬತ್ಮೂರು. ಎಂಬತ್ತೊಂದು.

ಸ್ಕ್ರೂ ಬಿಚ್ಚಿ ಪೆಟ್ಟಿಗೆ ತೆರೆದೆ. ಕಡ್ಡಿಗಳಿಂದ ಬಂದ ತಂತಿಯನ್ನು ಕಿತ್ತು, ತುದಿಗೆ ಕಪ್ಪು ಟೇಪು ಸುತ್ತಿ, ಮೂಲೆಗೆ ಮಡಚಿ ಇಟ್ಟಿದ್ದರು. ಚಿಪ್ಪಿನ ಕಾಲಿಗೆ ಬೆಸೆದಿದ್ದುದು ಇನ್ನೊಂದು ಸಣ್ಣ ಬೋರ್ಡು. ಎರಡು ರೆಸಿಸ್ಟರ್. ಇಪ್ಪತ್ತನಾಲ್ಕು ಕೆ, ಒಂದು ಕೆ. ಹೊಳೆಯುವ, ಒಂದೇ ಅಳತೆಯ ಬೆಸುಗೆ ಹನಿಗಳು.

ನನ್ನ ಕೈ ನನಗೆ ಗುರುತು ಸಿಗದೆ ಇರುತ್ತದೆಯೇ?

ಆ ಅಂಕಿ ಎರಡರ ನಡುವೆ ಆಡುತ್ತಿತ್ತಲ್ಲ, ಅದೇ ನನ್ನನ್ನು ಹೆಚ್ಚು ಕೊಂದದ್ದು. ಅಲ್ಲಾಡದೆ ನಿಂತಿದ್ದರೆ ಯಾರಾದರೂ ಕೆಟ್ಟಿದೆ ಎನ್ನುತ್ತಿದ್ದರು. ಕರೆಂಟಿನಲ್ಲಿರುವ ಚೂರುಪಾರು ಏರಿಳಿತಕ್ಕೆ ಅದು ಒಂದು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ನೋಡಿದವರಿಗೆ ಅದು ನೀರನ್ನು ಅಳೆಯುತ್ತಿದೆ ಎಂದೇ ಅನಿಸುತ್ತಿತ್ತು. ಚಿಪ್ಪಿನದು ತಪ್ಪಿಲ್ಲ. ತನ್ನ ಕಾಲಿಗೆ ಬಂದದ್ದನ್ನು ಅದು ಸರಿಯಾಗಿ ತೂಗಿ ಹೇಳುತ್ತಿತ್ತು. ಕಾಲಿಗೆ ಏನು ಕಟ್ಟಿದ್ದಾರೆ ಎಂದು ಕೇಳುವುದು ಅದಕ್ಕೆ ಬರುವುದಿಲ್ಲ. ನನಗೆ ಬರುತ್ತಿತ್ತು, ನಾನು ಕೇಳಿರಲಿಲ್ಲ.

"ಒಳಗಡೆ ನೋಡೋಣ," ಎಂದೆ. ಒಳಕೋಣೆಯ ಬೀಗದ ಕೈ ನಾಗರಾಜಣ್ಣನ ಹತ್ತಿರ ಇತ್ತು. ಪುಟ್ಟಮ್ಮ ಕಲ್ಲಿನಿಂದ ಎರಡು ಏಟು ಹಾಕಿದರು. ಬಾಗಿಲು ತೆಗೆದದ್ದೇ ತಡ, ಆ ನಾತ ಮುಖಕ್ಕೆ ಬಡಿಯಿತು. ನೀರನ್ನು ಸೋಸುವ ಮೆಂಬ್ರೇನಿನ ಕೊಳವೆಯನ್ನೇ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದರು. ಬೋರ್‌ವೆಲ್‌ನ ಪೈಪಿನಿಂದ ನೇರ ತೊಟ್ಟಿಗೆ ಒಂದು ಹೊಸ ಪೈಪು. ತೊಟ್ಟಿಯ ಮುಚ್ಚಳ ಎತ್ತಿದೆ. ಒಳಗೋಡೆಗೆ ಕಪ್ಪು ಲೋಳೆ ಬೆರಳು ದಪ್ಪಕ್ಕೆ ಕಟ್ಟಿ, ಅಲ್ಲಲ್ಲಿ ಚರ್ಮದಂತೆ ಸುಲಿದು ಜೋತಾಡುತ್ತಿತ್ತು. ನೀರಿನ ಮೇಲೆ ಜಿರಳೆಯ ರೆಕ್ಕೆಗಳು. ಒಂದು ಹಲ್ಲಿ, ಸತ್ತು ಊದಿ, ಬೆಳ್ಳಗಾಗಿ, ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಾಲ ಇರಲಿಲ್ಲ. ಆ ಬಾಲ ಎಲ್ಲಿ ಹೋಯಿತು ಎಂದು ಯೋಚನೆ ಬಂದದ್ದೇ ಹೊರಗೆ ಓಡಿ, ಗೋಡೆ ಹಿಡಿದು ವಾಂತಿ ಮಾಡಿದೆ. ಒಂದು ತಿಂಗಳ ಹಿಂದೆ ನಗುನಗುತ್ತಾ ಕುಡಿದದ್ದು ಆಗ ಹೊರಗೆ ಬರುತ್ತದೇನೋ ಎಂಬಂತೆ.

ಪುಟ್ಟಮ್ಮ ನನ್ನ ತಲೆ ಹಿಡಿದುಕೊಂಡರು. ಅದನ್ನು ಅವರು ಮಾಡಬಾರದಿತ್ತು. ನನಗೆ ಇನ್ನೂ ಹೇಸಿಗೆಯಾಯಿತು, ನನ್ನ ಮೇಲೆ.

ಮಧ್ಯಾಹ್ನವೇ ಕೊಳ್ಳೇಗಾಲಕ್ಕೆ ಮರಳಿ ಮಹಡಿ ಹತ್ತಿದೆ. ಯಜಮಾನರು ಕಾಗದದ ಮೇಲೆ ಬೋಂಡಾ ಇಟ್ಟುಕೊಂಡು ತಿನ್ನುತ್ತಿದ್ದರು. ಮೇಜಿನ ಮೇಲೆ ಸೀಲು ಒಡೆದ ನೀರಿನ ಬಾಟಲಿ. ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಎಣ್ಣೆ ಬೆರಳುಗಳನ್ನು ಒಂದೊಂದಾಗಿ ಚೀಪಿ, ಕಾಗದಕ್ಕೆ ಒರೆಸಿದರು.

"ಮೆಂಬ್ರೇನ್ ಹಾಳಾಗಿ ನಾಲ್ಕು ತಿಂಗಳಾಯ್ತಮ್ಮ. ಹೊಸದು ಬರೋವರೆಗೆ ಘಟಕ ನಿಲ್ಲಿಸಿದ್ರೆ ಜನ ಸುಮ್ನಿರ್ತಾರಾ? ಅವರಿಗೆ ನೀರು ಬರ್ಬೇಕು, ಮೇಲಿನವರಿಗೆ ನಂಬರ್ ಬರ್ಬೇಕು. ಎರಡೂ ಬರ್ತಾ ಇದೆ."

"ಮಕ್ಕಳು ಆಸ್ಪತ್ರೇಲಿದ್ದಾರೆ ಸಾರ್."

"ಬೇಸಿಗೇಲಿ ಮಕ್ಕಳಿಗೆ ಭೇದಿ ಆಗೋದು ಹೊಸದಾ? ನೀನೇ ಹೇಳು, ನಿನ್ನ ಮೀಟರು ಕ್ರಿಮಿ ತೋರಿಸುತ್ತಾ?"

ಅದು ನಿಜ. ಆ ಮೀಟರು ಉಪ್ಪಿನಂಶ ತೋರಿಸುತ್ತದೆ, ಕ್ರಿಮಿಯನ್ನಲ್ಲ. ಆದರೆ ತಂತಿ ಕೀಳದೆ ಇದ್ದಿದ್ದರೆ, ಸೋಸದ ನೀರು ಬಂದ ದಿನವೇ ಅಂಕಿ ಏರುತ್ತಿತ್ತು, ಯಾರಾದರೂ ಬಾಗಿಲು ತೆರೆಯುತ್ತಿದ್ದರು, ತೊಟ್ಟಿ ತೊಳೆಯುತ್ತಿದ್ದರು. ಇದನ್ನೇ ಹೇಳಿದೆ. ನಾಗರಾಜಣ್ಣ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಲೇ ಇದ್ದರು.

ಯಜಮಾನರು ಬಾಟಲಿ ಎತ್ತಿ ಎರಡು ಗುಟುಕು ಕುಡಿದರು. ಆಮೇಲೆ ತುಂಬ ಮೆತ್ತಗೆ, ಮನೆಯ ಮಗಳಿಗೆ ಹೇಳುವಂತೆ ಹೇಳಿದರು: "ಬೋರ್ಡ್ ಮಾಡಿದ್ದು ಯಾರು ಕಲಾ? ಲೆಕ್ಕ ಹಾಕಿದ್ದು ಯಾರು? ಪುಸ್ತಕದಲ್ಲಿ ಸಹಿ ಯಾರದ್ದು? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಮನೆಗೆ ಹೋಗಿ ಸ್ನಾನ ಮಾಡಿ ಮಲಗು."

ಅವರ ಗಡ್ಡಕ್ಕೆ ಬೋಂಡಾದ ಚೂರು ಅಂಟಿತ್ತು. ನನಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ಸೋಪು ಹಾಕಿ ಕೈಗಳನ್ನು ಎಷ್ಟು ಉಜ್ಜಿದರೂ ಸಾಲಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿ ಕೇಳಿದರು: "ನಿಂಗೆ ಗೊತ್ತಿತ್ತಾ?"

"ಇಲ್ಲಪ್ಪ."

"ಈಗ ಗೊತ್ತಾಯ್ತಲ್ಲ." ಮತ್ತೆ ಲಾಳಿ ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಬೆಸುಗೆ ಕಡ್ಡಿ, ಕಟರ್ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲೇ ಹೊರಟೆ. ಹನೂರಿನಲ್ಲಿ ಇಳಿದು ಬೆಟ್ಟದ ಬಸ್ಸು, ಕೌದಳ್ಳಿಯಲ್ಲಿ ಇಳಿದು ಆಟೋ. ಪುಟ್ಟಮ್ಮನಿಗೆ ಹೇಳಿ ಊರವರನ್ನು ಕರೆಸಿದೆ. ಮೂವತ್ತು ನಲವತ್ತು ಜನ ಸೇರಿದರು. "ಈ ಬೋರ್ಡು ನಾನೇ ಮಾಡಿದ್ದು," ಎಂದು ಮೊದಲು ಹೇಳಿದೆ. ಎರಡನೇ ಸಲ ಹೇಳಬೇಕಾಯಿತು. ಹಿಂದೆ ನಿಂತವರಿಗೆ ಕೇಳಿಸಿರಲಿಲ್ಲ.

ಎರಡು ರೆಸಿಸ್ಟರಿನ ತಂತಿ ಕತ್ತರಿಸಿದೆ. ಅಂಕಿ ಹುಚ್ಚು ಹಿಡಿದಂತೆ ಕುಣಿಯಿತು. ಮುನ್ನೂರು, ಹನ್ನೆರಡು, ಏಳುನೂರು, ನಲವತ್ತು.

"ಅದ್ಯಾಕವ್ವ ಇಂಗ್ ಕುಣೀತದೆ?" ಎಂದು ಯಾರೋ ಕೇಳಿದರು.

"ಅದರ ಕಾಲಿಗೆ ಈಗ ಏನೂ ಕಟ್ಟಿಲ್ಲ. ಗಾಳೀಲಿರೋದನ್ನೆಲ್ಲಾ ಅಳೀತಾ ಇದೆ."

ಉಪ್ಪು ಬಿದ್ದಿದ್ದ ಡಬ್ಬಿಯನ್ನು ತೊಳೆದು, ನಲ್ಲಿ ಬಿಟ್ಟು ಹೊಸ ನೀರು ಹಾಯಿಸಿದೆ. ಟೇಪು ಬಿಚ್ಚಿ, ಕಡ್ಡಿಗಳ ತಂತಿಯನ್ನು ಚಿಪ್ಪಿನ ಕಾಲಿಗೆ ಬೆಸೆದೆ. ಬೆಸುಗೆ ಉಂಡೆಯಾಗಿ ಅಂದಗೆಟ್ಟು ಕೂತಿತು. ಅಂಕಿ ನಿಂತಿತು. ಒಂಬೈನೂರ ಹನ್ನೆರಡು. ಒಂಬೈನೂರ ಹದಿನಾಲ್ಕು. ಅಲ್ಲೇ ನಿಂತಿತು.

ನಾನು ಒಳಕೋಣೆಯ ಬಾಗಿಲು ತೆರೆದಿಟ್ಟೆ. ಒಬ್ಬೊಬ್ಬರೇ ಹೋಗಿ ತೊಟ್ಟಿಗೆ ಇಣುಕಿ, ಸೆರಗು ಟವೆಲು ಮೂಗಿಗೆ ಒತ್ತಿಕೊಂಡು ಹೊರಬಂದರು. ಒಬ್ಬ ಹೆಂಗಸು ಅಲ್ಲೇ ಕುಸಿದು ಕೂತು, "ಇದನ್ನ ಕುಡ್ಸಿವ್ನಲ್ಲಾ ಮಕ್ಕಳ್ಗೆ," ಎಂದು ಬಾಯಿ ಬಾಯಿ ಬಡಿದುಕೊಂಡಳು. ಪುಟ್ಟಮ್ಮ ಅಂಗನವಾಡಿಯ ಬೀಗ ತಂದು ಘಟಕಕ್ಕೆ ಜಡಿದರು. ಹನೂರಿನ ಸರ್ಕಾರಿ ಕಚೇರಿಗೆ ಫೋನು ಮಾಡಿದ್ದು, ಮರುದಿನ ನೀರಿನ ಮಾದರಿ ತೆಗೆಯಲು ಜನ ಬಂದದ್ದು, ನನ್ನ ಹೇಳಿಕೆ ಬರೆಸಿಕೊಂಡದ್ದು ಎಲ್ಲ ಆಯಿತು. ಬೋರ್ಡು ಮಾಡಿದವಳು ನಾನು ಎಂದು ಅಲ್ಲಿಯೂ ಬರೆದುಕೊಟ್ಟೆ.

ಆಮೇಲಿನದು ಚೆಂದದ ಕತೆಯಲ್ಲ. ಊರಿಗೆ ಹೊಸ ಮೆಂಬ್ರೇನ್ ಬರುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಅಲ್ಲಿಯವರೆಗೆ ಹೆಂಗಸರು ಎರಡು ಮೈಲಿ ದೂರದ ತೋಟದ ಬಾವಿಯಿಂದ ನೀರು ಹೊತ್ತರು. ಜೂನಿನಲ್ಲಿ ಒಮ್ಮೆ ಹೋದಾಗ ಒಬ್ಬ ಮುದುಕರು ರಸ್ತೆಯಲ್ಲೇ ತಡೆದು, "ನೀನ್ ಬಂದು ಇದ್ದ ನೀರ್ನೂ ಕಳ್ದೆ ಕಣವ್ವ. ಕಾಯ್ಸ್ಕಂಡು ಕುಡೀತಿದ್ವಿ," ಎಂದರು. ಅವರ ಸೊಸೆಯ ತಲೆಯ ಮೇಲೆ ಎರಡು ಬಿಂದಿಗೆ ಇದ್ದವು. ಪುಟ್ಟಮ್ಮನ ಮೊಮ್ಮಗಳು ಆಸ್ಪತ್ರೆಯಿಂದ ಬಂದಿದ್ದಳು. ಕೈಕಾಲು ಕಡ್ಡಿಯಾಗಿದ್ದವು. ಲೋಟ ತೋರಿಸಿದರೆ ಮುಖ ತಿರುಗಿಸುತ್ತಿದ್ದಳು. ಪುಟ್ಟಮ್ಮ ಎಳನೀರು, ಗಂಜಿ ಎಂದು ಏನೇನೋ ಮಾಡಿ ಕುಡಿಸುತ್ತಿದ್ದರು. ನನ್ನನ್ನು ಒಳಗೆ ಕರೆದರು, ಮಣೆ ಹಾಕಿದರು. ಆದರೆ ನನ್ನ ಕೈಯಿಂದ ಮಗುವಿಗೆ ಏನನ್ನೂ ಕುಡಿಸಲು ಬಿಡಲಿಲ್ಲ. ಲೋಟ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ನಾನೇ ಕುಡುಸ್ತೀನಿ, ಬುಡವ್ವ," ಎಂದರು.

ಹನ್ನೆರಡು ಬೋರ್ಡು ಮಾಡಿದ್ದೆನಲ್ಲ. ಘಟಕಕ್ಕೆ ಬೀಗ ಬಿದ್ದ ವಾರವೇ ನನ್ನ ಕೆಲಸ ಹೋಗಿತ್ತು, ಬೇಸಿಗೆ ಇನ್ನೂ ಉಳಿದಿತ್ತು. ಬಸ್ಸು ಹತ್ತಿ ಊರೂರು ಅಲೆದೆ. ಕೆಲವು ಕಡೆ ಒಳಗೆ ಬಿಟ್ಟರು, ಕೆಲವು ಕಡೆ ಓಡಿಸಿದರು. ಯಳಂದೂರು ಕಡೆಯ ಒಂದು ಊರಿನಲ್ಲಿ ಕಂಪನಿಯವರು ನನ್ನ ಬಗ್ಗೆ ಮೊದಲೇ ಹೇಳಿಟ್ಟಿದ್ದರು, ಕಳ್ಳಿ ಎಂದು ಸುತ್ತುವರಿದರು. ಒಂದು ಹಿಡಿ ಉಪ್ಪು ತರಿಸಿ ಡಬ್ಬಿಗೆ ಹಾಕಿಸಿ, ಅಂಕಿ ಏರದಿದ್ದುದನ್ನು ತೋರಿಸಿದ ಮೇಲೆ ಬಿಟ್ಟರು. ಒಂಬತ್ತು ಬೋರ್ಡು ಸಿಕ್ಕವು, ಒಂಬತ್ತನ್ನೂ ಕಿತ್ತೆ. ಮೂರು ಸಿಗಲಿಲ್ಲ.

ಕಚೇರಿಯವರ ವಿಚಾರಣೆ ಎಲ್ಲೋ ನಿಂತುಹೋಯಿತು. ಕಂಪನಿ ಮುಚ್ಚಿತು, ಬೇರೆ ಹೆಸರಲ್ಲಿ ತೆರೆಯಿತು. ನಾನು ಈಗ ಯಳಂದೂರಿನಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಿಕ್ಸಿ, ಇನ್ವರ್ಟರ್, ತೂಕದ ಯಂತ್ರ.

ಎರಡು ವರ್ಷದ ಹಿಂದೆ ಕೊಳ್ಳೇಗಾಲದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಯಜಮಾನರು ಎದುರಿಗೇ ಸಿಕ್ಕರು. ಗಡ್ಡ ನೆರೆತಿತ್ತು. "ಓ, ಕಲಾ! ಚೆನ್ನಾಗಿದ್ದೀಯಾಮ್ಮ? ಅಪ್ಪ ಹೇಗಿದ್ದಾರೆ?" ಎಂದು ಬಾಯ್ತುಂಬ ಕೇಳಿದರು. ನನಗೆ ತಿಳಿಯುವ ಮೊದಲೇ ನನ್ನ ಎರಡೂ ಕೈ ನಮಸ್ಕಾರಕ್ಕೆ ಕೂಡಿಕೊಂಡಿದ್ದವು. ಕೆಳಗಿಳಿಸಿದೆ. ಎಷ್ಟೋ ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಒಂದೇ ಪ್ರಶ್ನೆ ಬಂತು.

"ಇನ್ನು ಮೂರು ಬೋರ್ಡು ಎಲ್ಲಿ ಹಾಕಿಸಿದಿರಿ ಸಾರ್?"

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು.

"ಯಾವ ಬೋರ್ಡಮ್ಮ?" ಎಂದರು.

ನಾನು ಅವರ ಮುಖವನ್ನು ಹುಡುಕಿದೆ. ನಟನೆ ಇರಲಿಲ್ಲ, ಸುಳ್ಳೂ ಇರಲಿಲ್ಲ. ಮನುಷ್ಯ ನಿಜವಾಗಿಯೂ ಮರೆತುಬಿಟ್ಟಿದ್ದ.